ಎಣಿಸುವಾಗ ಕೇಳಬೇಡ

ಸಂತೆಪೇಟೆಯ ಹಿಂದಿನ ಸಾಲಿನಲ್ಲಿ
ಮಿತ್ರ ವೈಂಡಿಂಗ್ ವರ್ಕ್ಸ್.
ಬಂದವರು ಮೋಟರು ಇಳಿಸಿ, ಬೆವರು ಒರೆಸಿ,
‘ಮಿತ್ರಣ್ಣ ಇಲ್ವಾ?’ ಅನ್ನುತ್ತಾರೆ.
ಸ್ಟೂಲಿನ ಮೇಲಿಂದ ತಲೆ ಎತ್ತದೆ
‘ಅವನು ಹುಟ್ಟಲೇ ಇಲ್ಲ,
ಏನು ಸುಟ್ಟಿದೆ ಹೇಳಿ’ ಅನ್ನುತ್ತಾಳೆ
ನನ್ನ ತಂಗಿ ಸಂಘಮಿತ್ರೆ.

ಆಲೂಗಡ್ಡೆ ಬಿತ್ತುವ ಮುಂಚಿನ ತಿಂಗಳು,
ದುದ್ದದ ಕಡೆಯಿಂದ ಸುಟ್ಟ ಮೋಟರುಗಳ ಸರದಿ.
ಕರಿ ಹಿಡಿದ ತಂತಿಯನ್ನು ಉಳಿಯಲ್ಲಿ ಕಡಿದು ಕಿತ್ತು
ತಕ್ಕಡಿಗೆ ಹಾಕುತ್ತಾಳೆ:
ಹಳೇ ತಾಮ್ರ ಇಷ್ಟು, ಹೊಸದು ಇಷ್ಟು.
ನಾನು ಬಿಲ್ಲು ಬರೆಯುತ್ತೇನೆ.
ನನ್ನ ಅಕ್ಷರ ಚೆನ್ನಾಗಿದೆಯಂತೆ.

ಎಂ.ಎ. ಇತಿಹಾಸ, ಮೇಲೊಂದು ಎಂ.ಫಿಲ್.
ಆಲೂರಿನ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಅತಿಥಿ.
ಒಂಬತ್ತು ವರ್ಷ ಉಳಿದ ನೆಂಟರಿಗೆ
ಯಾರೂ ಎಲೆ ಹಾಕುವುದಿಲ್ಲ,
ಏಳಿ ಅಂತಲೂ ಹೇಳುವುದಿಲ್ಲ.
ರಜೆಯ ಎರಡು ತಿಂಗಳು ಸಂಬಳವಿಲ್ಲ.
ಆಗ ನಾನು ಇಲ್ಲಿ, ಈ ವಾರ್ನಿಷ್ ವಾಸನೆಯಲ್ಲಿ.

ಅಪ್ಪ ಕಾಲೇಜಿನ ಗಂಟೆ ಹೊಡೆದವನು.
ಮೂವತ್ತೊಂದು ವರ್ಷ, ಐವತ್ತೈದು ನಿಮಿಷಕ್ಕೊಮ್ಮೆ.
ತೂಗುಬಿಟ್ಟ ಹಳಿಯ ತುಂಡಿಗೆ ಅವನು ಬಡಿದರೆ
ಇಡೀ ಕಟ್ಟಡ ಎದ್ದು ನಿಲ್ಲುತ್ತಿತ್ತು.
ಅವನು ಯಾವ ಕೊಠಡಿಯಲ್ಲೂ ಕೂರಲಿಲ್ಲ.
ನೆಂಟರು ಕೇಳಿದರು, ‘ಹೆಣ್ಣುಮಗೀಗೆ ಇಷ್ಟು ಓದು ಯಾಕೋ?’
‘ಅವಳು ಕೂತಿರಬೇಕು’ ಅಂದ,
‘ಗಂಟೆ ಇನ್ಯಾರಾದರೂ ಹೊಡೀಲಿ.’

ಅವನ ಡೈರಿಯೇ ಈಗ ಅಂಗಡಿಯ ಬಾಕಿ ಪುಸ್ತಕ.
ಮೊದಲ ಹಾಳೆಗಳಲ್ಲಿ ನಾವಿಬ್ಬರೂ ಇದ್ದೇವೆ.
ನನ್ನದು ಹದಿನಾಲ್ಕು ಪುಟ:
ಫೀಸು, ಹಾಸ್ಟೆಲ್ಲು, ಮೈಸೂರು ಬಸ್ಸು,
ದಂಡ, ಮತ್ತೆ ಫೀಸು,
ಅಮ್ಮನ ಓಲೆ, ಅದರ ಮುಂದೆ ಮೊತ್ತ ಬರೆದಿಲ್ಲ.
ಮಿತ್ರಳದು ಒಂದೂವರೆ:
ಪಿಯುಸಿ ಗಣಿತ ಫೇಲು, ಐಟಿಐ ಅರ್ಜಿ,
ಕಟಿಂಗ್ ಪ್ಲೇಯರು, ನೀಲಿ ಅಂಗಿ ಎರಡು,
ಕೊನೆಯಲ್ಲಿ, ‘ಇವಳಿಗೆ ಏನೂ ಮಾಡಲಾಗಲಿಲ್ಲ.’
ಅದರ ಕೆಳಗೆ ಗೆರೆ ಎಳೆದು ಅವಳದೇ ಕೈಬರಹ:
‘ದುದ್ದ ನಂಜೇಗೌಡ್ರು, 1 ಎಚ್‌ಪಿ, ಬಾಕಿ 600.’

ಬ್ಯಾಂಕಿನ ಸಾಲದ ಕಾಗದ ಬಂದಾಗ
ಸಹಿಗೆ ಮುಂಚೆ ಪೂರ್ತಿ ಓದಿದವಳು ನಾನು.
ಏಳನೇ ಷರತ್ತು ಹೊಡೆದುಹಾಕಿಸಿದೆ.
ಮ್ಯಾನೇಜರು ನನಗೆ ಕುರ್ಚಿ ಕೊಟ್ಟರು.
ಅಪ್ಪನ ಒಂದು ಪುಟ ಅವತ್ತು ತೀರಿತು ಅನ್ನಿಸಿತು,
ಒಂದೇ.
ಹೆಣ್ಣು ನೋಡಲು ಬಂದವರಂತೂ
ಅವಳ ಉಗುರು ನೋಡಿದರು, ನನ್ನ ಸಂಬಳ ಕೇಳಿದರು,
ಕಾಫಿ ಕುಡಿದು ಹೋದರು.

ನಿನ್ನೆ ಆಲೂರಿನ ಹುಡುಗಿಯೊಬ್ಬಳು ಫೋನು ಮಾಡಿದಳು:
‘ಮಿಸ್, ಡಿಗ್ರಿ ಬಿಟ್ಟು ಐಟಿಐ ಸೇರ್ಲಾ?’
ಒಂಬತ್ತು ವರ್ಷ ಪಾಠ ಮಾಡಿದ ಬಾಯಿ ಒಣಗಿತು.
ಆಮೇಲೆ ಹೇಳ್ತೀನಿ ಎಂದು ಇಟ್ಟು
ತಂಗಿಯ ಕಡೆ ತಿರುಗಿದೆ.
ಅವಳು ಕಾಯಿಲ್ ಸುತ್ತುತ್ತಿದ್ದಳು,
ತುಟಿ ಮಾತ್ರ ಅಲುಗುತ್ತಿತ್ತು.
‘ಮಿತ್ರಾ, ಯಾವುದು ಗಿಟ್ತೇ, ನಂದಾ ನಿಂದಾ?’

ಕೈ ನಿಂತಿತು.
‘ಎಷ್ಟಾಗಿತ್ತು? ನಲವತ್ತೇಳಾ, ನಲವತ್ತೆಂಟಾ?’
ಲೆಕ್ಕ ತಪ್ಪಿದರೂ
ಮೋಟರು ತಿರುಗುತ್ತದೆ, ನೀರೂ ಎತ್ತುತ್ತದೆ,
ಒಳಗೊಳಗೇ ಬಿಸಿಯಾಗುತ್ತ
ಒಂದು ಮಧ್ಯಾಹ್ನ ಹೊಲದ ನಡುವೆ ಹೊಗೆಯಾಡುತ್ತದೆ.
ಬೈಯಲಿಲ್ಲ. ಅಷ್ಟನ್ನೂ ಬಿಚ್ಚಿದಳು.
‘ಎಣಿಸುವಾಗ ಕೇಳಬೇಡಕ್ಕ.’

ಮತ್ತೆ ಒಂದರಿಂದ.
ಈ ಸಲ ಎಣಿಕೆ ನನಗೆ ಬಿಟ್ಟಳು.
ಕ್ಲಾಸಿನ ದನಿಯಲ್ಲೇ ಎಣಿಸಿದೆ,
ಎದುರಿನ ಈರುಳ್ಳಿ ಮಂಡಿಗೆ ಕೇಳುವಷ್ಟು.
ಮೂವತ್ತರ ಹೊತ್ತಿಗೆ ಅಪ್ಪ ಬಾಗಿಲಲ್ಲಿ,
ವಾಚು ನೋಡಿಕೊಳ್ಳುತ್ತ.
ಅರವತ್ತೆರಡಕ್ಕೆ ಅವಳು ತಂತಿ ಕಡಿದಳು.

ಹುಡುಗಿಗೆ ಮೆಸೇಜು ಹಾಕಿದೆ:
ಭಾನುವಾರ ಬಾ.
ಶಟರು ಅರ್ಧ ಎತ್ತಿರುತ್ತೆ,
ಬಗ್ಗಿ ಬರಬೇಕು.